ಸೀನಿದರೆ ಮೂತ್ರದ ಹನಿ ಬೀಳುವ ತೊಂದರೆಗೆ ವಿಟಮಿನ್ ಮಾತ್ರೆ, ಕುಂಬಳದ ಬೀಜ ಕೆಲಸ ಮಾಡುತ್ತವಾ?

ವಿದ್ಯಾನಗರದ ಟೀಚರ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಲೋ ಬೇಡವೋ ಎಂದು ಮೂರು ವಾರ ಯೋಚಿಸಿದೆ. ಮನೆಯಲ್ಲಿ ಯಾರ ಹತ್ತಿರವೂ ಹೇಳಿಲ್ಲ. ಯಜಮಾನರಿಗೂ ಪೂರ್ತಿ ಗೊತ್ತಿಲ್ಲ.

ನನಗೆ 51 ವರ್ಷ. ಪ್ರೈಮರಿ ಶಾಲೆಯಲ್ಲಿ ಟೀಚರ್. ಇಬ್ಬರು ಮಕ್ಕಳು, ಎರಡೂ ನಾರ್ಮಲ್ ಹೆರಿಗೆ. ಮುಟ್ಟು ನಿಂತು ಎರಡು ವರ್ಷ ಆಯಿತು. ಸೀನಿದರೆ, ಜೋರಾಗಿ ನಕ್ಕರೆ ಒಂದೆರಡು ಹನಿ ಮೂತ್ರ ಬೀಳುವುದು ಹತ್ತು ವರ್ಷದಿಂದ ಇದೆ. ವಯಸ್ಸಾದ ಮೇಲೆ ಎಲ್ಲರಿಗೂ ಹೀಗೇ ಇರಬೇಕು ಅಂದುಕೊಂಡು ಸುಮ್ಮನಿದ್ದೆ. ಕಳೆದ ವರ್ಷದಿಂದ ಜಾಸ್ತಿಯಾಗಿದೆ. ಈಗ ಇನ್ನೊಂದು ಶುರುವಾಗಿದೆ. ಶಾಲೆಯಿಂದ ಬಂದು ಬಾಗಿಲಿನ ಬೀಗಕ್ಕೆ ಕೀ ಹಾಕಿದ ತಕ್ಷಣ ಅವಸರವಾಗುತ್ತದೆ. ಬಚ್ಚಲಿಗೆ ಹೋಗುವಷ್ಟರಲ್ಲಿ ಸೋರಿ ಹೋಗಿರುತ್ತದೆ.

ಹೋದ ತಿಂಗಳು ಚಿತ್ರದುರ್ಗದಲ್ಲಿ ತಂಗಿಯ ಮನೆ ಗೃಹಪ್ರವೇಶ ಇತ್ತು. ಬೆಳಿಗ್ಗೆಯಿಂದ ಒಂದು ಲೋಟ ನೀರೂ ಕುಡಿಯದೆ ಬಸ್ ಹತ್ತಿದೆ. ಆದರೂ ಭರಮಸಾಗರ ಬರುವಷ್ಟರಲ್ಲಿ ತಡೆಯಲು ಆಗಲಿಲ್ಲ. ಕಂಡಕ್ಟರ್‌ಗೆ ಹೇಳಿ ಬಸ್ ನಿಲ್ಲಿಸಿಕೊಂಡು ಇಳಿದೆ. ಅಷ್ಟರಲ್ಲಿ ರೇಷ್ಮೆ ಸೀರೆಯ ಹಿಂಭಾಗ ಒದ್ದೆಯಾಗಿತ್ತು. ತಂಗಿ ಮನೆಗೆ ಹೋಗಲಿಲ್ಲ. ರಸ್ತೆ ದಾಟಿ ದಾವಣಗೆರೆ ಬಸ್ ಹತ್ತಿ ವಾಪಸ್ ಬಂದೆ. ತಲೆಸುತ್ತು ಬಂತು ಎಂದು ಸುಳ್ಳು ಹೇಳಿದೆ. ಅವಳು ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.

ಆನ್‌ಲೈನ್‌ನಲ್ಲಿ ಮೂತ್ರಕೋಶಕ್ಕೆ ಶಕ್ತಿ ಕೊಡುವ ನೈಸರ್ಗಿಕ ಮಾತ್ರೆ ಎಂದು ನೋಡಿ ತರಿಸಿದೆ. ಡಬ್ಬಿಗೆ 1,400 ರೂಪಾಯಿ. ನಾಲ್ಕು ಡಬ್ಬಿ ಮುಗಿಯಿತು. ಅದರಲ್ಲಿ ಕುಂಬಳದ ಬೀಜದ ಸಾರ, ಕ್ರ್ಯಾನ್‌ಬೆರಿ, ವಿಟಮಿನ್ ಸಿ, ವಿಟಮಿನ್ ಡಿ, ಮೆಗ್ನೀಸಿಯಂ, ಜೊತೆಗೆ ವರುಣ, ನೆಗ್ಗಿಲು ಎಂಬ ಮೂಲಿಕೆಗಳು ಇವೆ. ಏನೂ ವ್ಯತ್ಯಾಸ ಕಾಣಲಿಲ್ಲ. ಐದನೇ ಡಬ್ಬಿ ತರಿಸಲಾ, ಬೇರೆ ಕಂಪನಿಯದು ನೋಡಲಾ? ತಿಳಿದವರು ದಯವಿಟ್ಟು ಹೇಳಿ.

ಕೊಂಡಜ್ಜಿ ರಸ್ತೆ ಅಕ್ಕ

ಟೀಚರ್, ಓದಿ ಕಣ್ಣಲ್ಲಿ ನೀರು ಬಂತು. ನೀವೊಬ್ಬರೇ ಅಲ್ಲ. ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಒಂದು ದಿನ ಯಾರೋ ಈ ಮಾತು ಎತ್ತಿದರು. ಕೂತಿದ್ದ 14 ಜನರಲ್ಲಿ ಆರು ಜನ ನನಗೂ ಇದೆ ಎಂದರು. ಅಲ್ಲಿಯವರೆಗೆ ಒಬ್ಬರಿಗೊಬ್ಬರು ಹೇಳಿಯೇ ಇರಲಿಲ್ಲ.

ನನ್ನದು ರಾತ್ರಿಯ ತೊಂದರೆ. ಮೂರು ಸಲ ಏಳುತ್ತಿದ್ದೆ. ಸಿಹಿಗುಂಬಳದ ಬೀಜ ಒಣಗಿಸಿ, ಹುರಿದು, ಸಿಪ್ಪೆ ತೆಗೆದು ದಿನಾ ಒಂದು ಹಿಡಿ ತಿಂದೆ. ಈಗ ಒಂದೇ ಸಲ ಏಳುತ್ತೇನೆ. ಆದರೆ ನಿಜ ಹೇಳಬೇಕು. ಅದೇ ಸಮಯದಲ್ಲಿ ಸಂಜೆ ಆರರ ಮೇಲೆ ಚಹಾ ಬಿಟ್ಟಿದ್ದೆ. ಕೆಲಸ ಮಾಡಿದ್ದು ಬೀಜವೋ, ಚಹಾ ಬಿಟ್ಟಿದ್ದೋ ನನಗೆ ತಿಳಿಯದು.

ಮಂಡಿಪೇಟೆ ಔಷಧಿ ಅಂಗಡಿ

ಮೇಡಂ, 22 ವರ್ಷದಿಂದ ಔಷಧಿ ಅಂಗಡಿ ನಡೆಸುತ್ತಿದ್ದೇನೆ. ಇಂಥ ಡಬ್ಬಿ ನಾನೂ ಮಾರುತ್ತೇನೆ. ಆದ್ದರಿಂದ ಅದರ ಬಗ್ಗೆ ಓದಿಕೊಳ್ಳಬೇಕು ಅನ್ನಿಸಿತು, ಓದಿಕೊಂಡಿದ್ದೇನೆ. ಡಬ್ಬಿಯಲ್ಲಿರುವ ಒಂದೊಂದನ್ನೂ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಕ್ರ್ಯಾನ್‌ಬೆರಿ ಮೊದಲು ಬಿಡಿ. ಅದು ಪದೇ ಪದೇ ಮೂತ್ರದ ಸೋಂಕು ಬರುವ ಹೆಂಗಸರಿಗೆ, ಸೋಂಕು ಮತ್ತೆ ಬರುವುದನ್ನು ಸ್ವಲ್ಪ ತಡೆಯಬಹುದು ಎಂದು ಕೊಡುವುದು. ಸೋರುವುದನ್ನು ನಿಲ್ಲಿಸುವ ಕೆಲಸ ಅದರದ್ದಲ್ಲ.

ವಿಟಮಿನ್ ಡಿ ವಿಷಯ ಸ್ವಲ್ಪ ಸಿಕ್ಕಾಗಿದೆ. ರಕ್ತದಲ್ಲಿ ಡಿ ಕಡಿಮೆ ಇರುವ ಹೆಂಗಸರಲ್ಲಿ ಈ ತೊಂದರೆ ಹೆಚ್ಚು ಕಾಣುತ್ತದೆ ಎಂದು ಹಳೆಯ ಸಮೀಕ್ಷೆಗಳು ಹೇಳಿದ್ದವು. ಸ್ನಾಯುಗಳಿಗೂ ಡಿ ಬೇಕಲ್ಲ, ಅದಕ್ಕೆ ಎಲ್ಲರಿಗೂ ಆಸೆ ಹುಟ್ಟಿತು. ಆಮೇಲೆ ಅಮೆರಿಕದಲ್ಲಿ ವೈಟಲ್ ಎಂಬ ದೊಡ್ಡ ಅಧ್ಯಯನ ನಡೆಯಿತು. 55 ದಾಟಿದ ಸಾವಿರಾರು ಹೆಂಗಸರಲ್ಲಿ ಅರ್ಧ ಜನಕ್ಕೆ ದಿನಾ 2,000 ಯೂನಿಟ್ ಡಿ, ಉಳಿದವರಿಗೆ ಔಷಧಿ ಇಲ್ಲದ ಖಾಲಿ ಮಾತ್ರೆ. ವರ್ಷಗಟ್ಟಲೆ ನೋಡಿದರೂ ಸೋರುವ ತೊಂದರೆಯಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ನಿಮಗೆ ಡಿ ಕಡಿಮೆ ಇದ್ದರೆ ಮೂಳೆಗಾಗಿ ತೆಗೆದುಕೊಳ್ಳಿ. ಸೀರೆ ಒಣಗಿರಲಿ ಎಂದು ಬೇಡ.

ವಿಟಮಿನ್ ಸಿ ಇನ್ನೂ ವಿಚಿತ್ರ. ನಿಂಬೆ, ನೆಲ್ಲಿ, ಸೀಬೆಹಣ್ಣಿನಿಂದ ಬರುವ ಸಿ ಒಳ್ಳೆಯದೇ. ಮಾತ್ರೆ ರೂಪದಲ್ಲಿ ತುಂಬಾ ತೆಗೆದುಕೊಳ್ಳುವವರಲ್ಲಿ ಪದೇ ಪದೇ ಹೋಗಬೇಕು ಎನ್ನಿಸುವುದು, ಅವಸರ ಹೆಚ್ಚು ಕಂಡಿದೆ.

ಮೆಗ್ನೀಸಿಯಂ ಅವಸರದ ತೊಂದರೆ ಇರುವ ಕೆಲವರಿಗೆ ಸ್ವಲ್ಪ ಹಿತ ಕೊಟ್ಟಿತು ಎಂದು 1998ರಲ್ಲಿ ಒಂದು ಸಣ್ಣ ಅಧ್ಯಯನ ಬಂದಿತ್ತು. 40 ಹೆಂಗಸರು ಮಾತ್ರ. ಅಷ್ಟರ ಮೇಲೆ ಮನೆ ಕಟ್ಟಲು ಆಗದು. ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮೆಗ್ನೀಸಿಯಂ ಮುಟ್ಟಬಾರದು. ದೇಹದಿಂದ ಹೊರಗೆ ಹೋಗದೆ ಅಲ್ಲೇ ಸೇರಿಕೊಳ್ಳುತ್ತದೆ.

ಕುಂಬಳದ ಬೀಜಕ್ಕೆ ಈ ಪಟ್ಟಿಯಲ್ಲಿ ಸ್ವಲ್ಪ ಹೆಚ್ಚು ಬೆಲೆ ಕೊಡುತ್ತೇನೆ. ಜರ್ಮನಿಯಲ್ಲಿ ಮೂತ್ರಕೋಶದ ಕಿರಿಕಿರಿಗೆ ಅದನ್ನು ಬಹಳ ಕಾಲದಿಂದ ಕೊಡುತ್ತಾರೆ. ಜಪಾನಿನಲ್ಲಿ 2014ರಲ್ಲಿ ದಿನಾ 10 ಗ್ರಾಂ ಕುಂಬಳಬೀಜದ ಎಣ್ಣೆ ಕೊಟ್ಟು 12 ವಾರ ನೋಡಿದಾಗ ಅವಸರ ಕಡಿಮೆಯಾಯಿತು ಎಂದು ವರದಿಯಾಯಿತು. ಅಲ್ಲೂ 45 ಜನ ಅಷ್ಟೇ, ಖಾಲಿ ಮಾತ್ರೆಯ ಜೊತೆ ಹೋಲಿಸಿ ನೋಡಿರಲಿಲ್ಲ. ಬೀಜ ತಿನ್ನುವುದರಿಂದ ನಷ್ಟವಿಲ್ಲ. ಅದಕ್ಕೆ 1,400 ರೂಪಾಯಿ ಕೊಡಬೇಕಾಗಿಲ್ಲ.

ನಿಮ್ಮ ಡಬ್ಬಿಯನ್ನೊಮ್ಮೆ ತಿರುಗಿಸಿ ನೋಡಿ. ಔಷಧಿಯಾಗಿ ಬಳಸಲು ಅಲ್ಲ ಎಂಬ ಮಾತು ಚಿಕ್ಕ ಅಕ್ಷರದಲ್ಲಿ ಇರುತ್ತದೆ. ಪೂರಕ ಆಹಾರಕ್ಕೆ ಹಾಗೆ ಬರೆಯಲೇಬೇಕೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮ ಇದೆ. ಮುಂದೆ ದೊಡ್ಡದಾಗಿ ಹೇಳಿದ್ದಕ್ಕೂ ಹಿಂದೆ ಚಿಕ್ಕದಾಗಿ ಬರೆದದ್ದಕ್ಕೂ ತಾಳೆ ಇರುವುದಿಲ್ಲ.

ಐದನೇ ಡಬ್ಬಿ ತರಿಸಬೇಡಿ ಮೇಡಂ.

ನಿವೃತ್ತ ಸಿಸ್ಟರ್, ನಿಟುವಳ್ಳಿ

ಅಂಗಡಿಯವರು ಸರಿಯಾಗಿ ಹೇಳಿದರು. ಟೀಚರಮ್ಮ, ನಾನು ಹೆರಿಗೆ ವಾರ್ಡಿನಲ್ಲಿ 30 ವರ್ಷ ಕೆಲಸ ಮಾಡಿದವಳು. ಯಾವ ಮಾತ್ರೆ ಒಳ್ಳೆಯದು ಎಂದು ಕೇಳುವ ಮೊದಲು ಯಾವ ಸೋರಿಕೆ ಎಂದು ತಿಳಿಯಬೇಕು. ಒಂದಕ್ಕೆ ಕೆಲಸ ಮಾಡುವುದು ಇನ್ನೊಂದಕ್ಕೆ ಮಾಡುವುದಿಲ್ಲ.

ಕೆಮ್ಮು, ಸೀನು, ನಗು, ಕೊಡ ಎತ್ತುವುದು. ಆಗ ಹೊಟ್ಟೆಯ ಒತ್ತಡ ಕೆಳಗೆ ಬಿದ್ದು ಹನಿ ಬೀಳುತ್ತದೆ. ಮೂತ್ರನಾಳವನ್ನು ಕೆಳಗಿನಿಂದ ಹಿಡಿದಿರುವ ಸ್ನಾಯು ಹೆರಿಗೆಯಲ್ಲಿ ಸಡಿಲವಾಗಿರುತ್ತದೆ. ಇದು ಒಂದು. ಇದ್ದಕ್ಕಿದ್ದಂತೆ ಅವಸರವಾಗಿ ತಡೆಯಲಾಗದೆ ಹೋಗುವುದು ಎರಡನೆಯದು. ಅಲ್ಲಿ ಮೂತ್ರಕೋಶ ತುಂಬುವ ಮೊದಲೇ ಹಿಂಡಿಕೊಳ್ಳುತ್ತದೆ. ಬೀಗಕ್ಕೆ ಕೀ ಹಾಕಿದಾಗ, ನಲ್ಲಿ ನೀರಿನ ಸದ್ದು ಕೇಳಿದಾಗ ಆಗುವುದು ಇದೇ. ನಿಮಗೆ ಎರಡೂ ಇರುವ ಹಾಗಿದೆ. ಮೂರನೆಯದೂ ಒಂದಿದೆ, ಮೂತ್ರ ಪೂರ್ತಿ ಖಾಲಿಯಾಗದೆ ತುಂಬಿ ತುಳುಕುವುದು. ಅದು ಗಂಡಸರಲ್ಲಿ, ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು.

ಈಗ ನನ್ನ ಪ್ರಶ್ನೆಗಳಿಗೆ ಉತ್ತರ ಕೊಡಿ. ಬೇರೆ ಯಾವ ಮಾತ್ರೆ ನುಂಗುತ್ತೀರಿ? ದಿನಕ್ಕೆ ಎಷ್ಟು ಚಹಾ, ಕಾಫಿ? ಮಲಬದ್ಧತೆ ಇದೆಯಾ? ಉರಿ, ಜ್ವರ, ಮೂತ್ರದಲ್ಲಿ ರಕ್ತ ಏನಾದರೂ?

ವಿದ್ಯಾನಗರದ ಟೀಚರ್

ಇಷ್ಟು ಬೇಗ ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಕೈಮುಗಿಯುತ್ತೇನೆ.

ಸಿಸ್ಟರ್, ಉರಿ, ಜ್ವರ, ರಕ್ತ ಯಾವುದೂ ಇಲ್ಲ. ಸಕ್ಕರೆ ನಾರ್ಮಲ್. ಬಿ.ಪಿ. ಇದೆ, ಒಂದೂವರೆ ವರ್ಷದಿಂದ ರಾಮಿಪ್ರಿಲ್ ತೆಗೆದುಕೊಳ್ಳುತ್ತಿದ್ದೇನೆ. ಚಹಾ ಬೆಳಿಗ್ಗೆ ಒಂದು, ಸ್ಟಾಫ್ ರೂಮಿನಲ್ಲಿ ಮೂರು, ಮನೆಗೆ ಬಂದು ಒಂದು. ಎರಡು ದಿನಕ್ಕೊಮ್ಮೆ ಟಾಯ್ಲೆಟ್, ಅದೂ ತಿಣುಕಬೇಕು. ಒಣ ಕೆಮ್ಮು ಒಂದು ವರ್ಷದಿಂದ ಬಿಟ್ಟಿಲ್ಲ. ದಾವಣಗೆರೆಯ ಧೂಳು ಎಂದು ಸಿರಪ್ ಕುಡಿಯುತ್ತಿದ್ದೇನೆ.

ಮಂಡಿಪೇಟೆ ಔಷಧಿ ಅಂಗಡಿ

ಮೇಡಂ, ಆ ಒಣ ಕೆಮ್ಮು! ರಾಮಿಪ್ರಿಲ್, ಎನಲಾಪ್ರಿಲ್ ಜಾತಿಯ ಬಿ.ಪಿ. ಮಾತ್ರೆಯಿಂದ ಕೆಲವರಿಗೆ ಒಣ ಕೆಮ್ಮು ಬರುತ್ತದೆ. ಶುರು ಮಾಡಿ ಎಷ್ಟೋ ತಿಂಗಳಾದ ಮೇಲೂ ಬರಬಹುದು. ಕೆಮ್ಮಿದಷ್ಟೂ ಸೋರುತ್ತದೆ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಬಿ.ಪಿ. ಏರುತ್ತದೆ. ಬರೆದುಕೊಟ್ಟ ವೈದ್ಯರಿಗೆ ಕೆಮ್ಮಿನ ವಿಷಯ ಹೇಳಿ. ಕೆಮ್ಮು ತಾರದ ಬೇರೆ ಜಾತಿಯ ಮಾತ್ರೆ ಇದೆ, ಅವರು ಬದಲಿಸಿ ಕೊಡುತ್ತಾರೆ.

ಓದುವ ಬೇರೆಯವರೂ ನೋಡಿಕೊಳ್ಳಿ. ಬಿ.ಪಿ.ಗೆ ಕೊಡುವ ನೀರಿನ ಮಾತ್ರೆಗಳು ಮೂತ್ರ ಹೆಚ್ಚಿಸುತ್ತವೆ. ಸಕ್ಕರೆಗೆ ಈಗ ಡಾಪಾಗ್ಲಿಫ್ಲೋಜಿನ್ ಬಹಳ ಜನ ತಿನ್ನುತ್ತಾರೆ. ಅದು ಸಕ್ಕರೆಯನ್ನು ಮೂತ್ರದಲ್ಲೇ ಹೊರಹಾಕುವ ಮಾತ್ರೆ, ಜೊತೆಗೆ ನೀರೂ ಹೋಗುತ್ತದೆ. ಬಿ.ಪಿ.ಗೆ ಕೊಡುವ ಪ್ರಾಜೋಸಿನ್ ಹೆಂಗಸರಲ್ಲಿ ಮೂತ್ರನಾಳದ ಬಾಯಿಯನ್ನೇ ಸಡಿಲಿಸುತ್ತದೆ. ಮೂತ್ರ ಸೋರುತ್ತದೆ ಎಂದು ಹೊಸ ಮಾತ್ರೆ ಸೇರಿಸುವ ಮೊದಲು ಹಳೆಯ ಚೀಟಿ ತೆಗೆದು ವೈದ್ಯರಿಗೆ ತೋರಿಸಿ.

ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಬಹಳ ವರ್ಷ ತಿಂದವರಿಗೆ ವಿಟಮಿನ್ ಬಿ12 ಕಡಿಮೆಯಾಗಬಹುದು. ಮಾಂಸ, ಮೊಟ್ಟೆ ತಿನ್ನದ ಮನೆಗಳಲ್ಲಿ ಇನ್ನೂ ಬೇಗ. ನಮ್ಮ ಊರಲ್ಲಿ ಅಂಥ ಮನೆ ಎಷ್ಟಿವೆ ನಿಮಗೇ ಗೊತ್ತು. ಬಿ12 ತೀರಾ ಇಳಿದರೆ ನರ ಕೆಡುತ್ತದೆ, ಮೂತ್ರಕೋಶದ ನರವೂ ಅದರಲ್ಲಿ ಸೇರಬಹುದು. ಕಾಲು ಜುಮ್ಮೆನ್ನುವುದು, ನಡೆಯುವಾಗ ತೂರಾಡುವುದು ಜೊತೆಗಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ವಿಟಮಿನ್ ಎಂಬ ಮಾತು ಈ ಕಾಯಿಲೆಯಲ್ಲಿ ನಿಜವಾಗಿ ಮುಖ್ಯವಾಗುವುದು ಇಂಥ ಕಡೆ.

ಎಂ.ಸಿ.ಸಿ. ಬ್ಲಾಕ್ ನಿವಾಸಿ

ಡಿ ಬಗ್ಗೆ ನನ್ನ ಅನುಭವ ಹೇಳಲೇಬೇಕು. ಡಿ ಕಡಿಮೆ ಇದೆ ಎಂದು 60,000 ಯೂನಿಟ್ಟಿನ ಕ್ಯಾಪ್ಸೂಲ್ ಬರೆದುಕೊಟ್ಟಿದ್ದರು. ವಾರಕ್ಕೊಂದು. ನಾನು ಚೀಟಿ ಸರಿಯಾಗಿ ಓದದೆ ದಿನಕ್ಕೊಂದರಂತೆ ಎರಡು ತಿಂಗಳು ನುಂಗಿದೆ. ಬಾಯಾರಿಕೆ, ವಾಂತಿ, ಮಲಬದ್ಧತೆ, ಅರ್ಧ ಗಂಟೆಗೊಮ್ಮೆ ಮೂತ್ರ. ಮೂತ್ರಕೋಶ ಕೆಟ್ಟಿತು ಎಂದು ಹೆದರಿ ಅದಕ್ಕೆ ಬೇರೆ ಪುಡಿ ತಿಂದೆ. ಕೊನೆಗೆ ಆಸ್ಪತ್ರೆಯಲ್ಲಿ ನೋಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿತ್ತು. ಡಿ ಹೆಚ್ಚಾದರೆ ಕ್ಯಾಲ್ಸಿಯಂ ಏರುತ್ತದೆ, ಕ್ಯಾಲ್ಸಿಯಂ ಏರಿದರೆ ಮೂತ್ರ ಹೆಚ್ಚಾಗುತ್ತದೆ ಎಂದು ಆಮೇಲೆ ತಿಳಿಯಿತು. ಐದು ದಿನ ಡ್ರಿಪ್ಸ್ ಹಾಕಿಸಿಕೊಂಡು ಮಲಗಿದ್ದೆ. ವಿಟಮಿನ್ ತಾನೇ, ಜಾಸ್ತಿಯಾದರೆ ಏನಾಗುತ್ತದೆ ಎನ್ನಬೇಡಿ.

ವೈದ್ಯೆ, ಆಯುರ್ವೇದ, ಚಿತ್ರದುರ್ಗ

ಗಿಡಮೂಲಿಕೆ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ.

ನೆಗ್ಗಿಲು ನಮ್ಮ ದುರ್ಗದ ಬಯಲಿನಲ್ಲಿ ಎಲ್ಲಿ ನೋಡಿದರಲ್ಲಿ ಹಬ್ಬಿರುತ್ತದೆ. ಬರಿಗಾಲಲ್ಲಿ ನಡೆದವರಿಗೆ ಅದರ ಮುಳ್ಳು ಗೊತ್ತು. ಆಯುರ್ವೇದದಲ್ಲಿ ಅದನ್ನು ಗೋಕ್ಷುರ ಎನ್ನುತ್ತೇವೆ. ಅದು ಮೂತ್ರಲ, ಅಂದರೆ ಮೂತ್ರವನ್ನು ಹೆಚ್ಚು ಇಳಿಸುವ ಮೂಲಿಕೆ. ಮೂತ್ರ ಕಟ್ಟಿದವರಿಗೆ, ಉರಿ ಇದ್ದವರಿಗೆ ಕೊಡುತ್ತೇವೆ. ಅವಸರ ತಡೆಯಲಾಗದ ಟೀಚರ್‌ಗೆ ಅದನ್ನೇ ದಿನಾ ಕೊಟ್ಟರೆ ಹೇಗೆ? ಜವೆಗೋಧಿ ನೀರು, ಕೊತ್ತಂಬರಿ ಬೀಜದ ಕಷಾಯವೂ ಹಾಗೇ. ಮೂತ್ರಕ್ಕೆ ಒಳ್ಳೆಯದು ಎಂಬ ಒಂದೇ ಮಾತು ಕೇಳಿ ಎಲ್ಲ ಮೂತ್ರದ ತೊಂದರೆಗೂ ಅವನ್ನೇ ಕುಡಿಯುತ್ತಾರೆ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ವರುಣ ಮರದ ತೊಗಟೆ ಮುಖ್ಯವಾಗಿ ಕಲ್ಲಿನ ತೊಂದರೆಗೆ ಹೇಳಿದ್ದು. ಆಸ್ಟ್ರೇಲಿಯಾದಲ್ಲಿ ವರುಣದ ಜೊತೆ ಬೇರೆ ಎರಡು ಮೂಲಿಕೆ ಸೇರಿಸಿ 150 ಜನರ ಮೇಲೆ ಎಂಟು ವಾರ ಪರೀಕ್ಷೆ ಮಾಡಿದ್ದಾರೆ. ಅವಸರ, ಸೋರುವುದು ಕಡಿಮೆಯಾಯಿತು ಎಂದು ಬಂತು. ಭರವಸೆಯ ಮಾತೇ. ಆದರೆ ಆ ಮಿಶ್ರಣ ಬೇರೆ, ಪ್ರಮಾಣ ಬೇರೆ. ಡಬ್ಬಿಯಲ್ಲಿ ವರುಣದ ಹೆಸರು ಇದ್ದ ಮಾತ್ರಕ್ಕೆ ಅದೇ ಫಲ ಬರುತ್ತದೆ ಎನ್ನಲು ಆಗದು.

ಚಂದ್ರಪ್ರಭಾ ವಟಿ ಎಂಬ ಆಯುರ್ವೇದ ಮಾತ್ರೆಯನ್ನು ಬಹಳ ಜನ ಯಾರನ್ನೂ ಕೇಳದೆ ಅಂಗಡಿಯಲ್ಲೇ ಕೊಳ್ಳುತ್ತಾರೆ. ಅದರಲ್ಲಿ ಶಿಲಾಜಿತು, ಗುಗ್ಗುಳ ಮಾತ್ರವಲ್ಲ, ಲೋಹ ಭಸ್ಮವೂ ಇದೆ. ನೋಡಿ ಕೊಡಬೇಕಾದ ಔಷಧಿ ಅದು. ತಿಂಗಳುಗಟ್ಟಲೆ ನೀವಾಗಿಯೇ ತಿನ್ನಬೇಡಿ.

ಮನೆಯಲ್ಲಿ ಮಾಡುವುದಿದ್ದರೆ ಎಳ್ಳುಂಡೆ ಮಾಡಿಕೊಳ್ಳಿ. ಹಾಸಿಗೆ ಒದ್ದೆ ಮಾಡುವ ಮಕ್ಕಳಿಗೆ ಹಿಂದಿನಿಂದಲೂ ಕೊಡುತ್ತಾರೆ. ಸೋರುವುದನ್ನು ಅದೊಂದೇ ನಿಲ್ಲಿಸುತ್ತದೆ ಎಂದು ನಾನು ಹೇಳುವುದಿಲ್ಲ, ತಿಂದರೆ ತಪ್ಪಿಲ್ಲ. ಸಕ್ಕರೆ ಇರುವವರು ಬೆಲ್ಲ ನೋಡಿಕೊಳ್ಳಿ. ಯೋಗದಲ್ಲಿ ಕೆಳಗಿನ ಸ್ನಾಯುಗಳನ್ನು ಬಿಗಿದು ಒಳಕ್ಕೆ ಎಳೆಯುವ ಮೂಲಬಂಧ, ಅಶ್ವಿನಿ ಮುದ್ರೆ ಇವೆಯಲ್ಲ, ನನ್ನ ಹತ್ತಿರ ಬಂದವರಿಗೆ ಮೊದಲು ಅದನ್ನೇ ಕಲಿಸುತ್ತೇನೆ.

ಫಿಸಿಯೋ, ಹದಡಿ ರಸ್ತೆ

ವೈದ್ಯೆ ಮೇಡಂ ಹೇಳಿದ ಮೂಲಬಂಧದಿಂದಲೇ ಶುರು ಮಾಡುತ್ತೇನೆ. ಅದೇ ಸ್ನಾಯುಗಳ ವ್ಯಾಯಾಮವನ್ನು ಅಮೆರಿಕದ ಕೆಗೆಲ್ ಎಂಬ ವೈದ್ಯರು 1948ರಲ್ಲಿ ಹೆರಿಗೆಯಾದ ಹೆಂಗಸರಿಗಾಗಿ ಬರೆದು ಪ್ರಕಟಿಸಿದರು. ಅವರ ಹೆಸರಲ್ಲೇ ಕರೆಯುತ್ತಾರೆ. ಸೀನಿದಾಗ ಸೋರುವ ತೊಂದರೆಗೆ ಇಷ್ಟು ಗಟ್ಟಿ ಪುರಾವೆ ಇರುವ ಮಾತ್ರೆ, ಪುಡಿ ಯಾವುದೂ ಇಲ್ಲ. ಖರ್ಚೂ ಇಲ್ಲ.

ಆದರೆ ನನ್ನ ಹತ್ತಿರ ಬಂದು ಮಾಡುತ್ತಿದ್ದೇನೆ ಎನ್ನುವವರಲ್ಲಿ ಎಷ್ಟೋ ಜನ ತಪ್ಪಾಗಿ ಮಾಡುತ್ತಿರುತ್ತಾರೆ. ಹೊಟ್ಟೆ ಬಿಗಿಯುತ್ತಾರೆ, ತೊಡೆ ಒತ್ತುತ್ತಾರೆ, ಉಸಿರು ಕಟ್ಟಿ ಕೆಳಕ್ಕೆ ತಿಣುಕುತ್ತಾರೆ. ತಿಣುಕಿದರೆ ಇನ್ನೂ ಕೆಡುತ್ತದೆ. ಹೀಗೆ ಮಾಡಿ: ನಾಲ್ಕು ಜನರ ನಡುವೆ ಕೂತಿದ್ದೀರಿ, ಹೂಸು ಬರುವ ಹಾಗಾಗಿದೆ. ತಡೆಯಲು ಒಳಗೆ ಹೇಗೆ ಬಿಗಿದು ಮೇಲಕ್ಕೆ ಎಳೆದುಕೊಳ್ಳುತ್ತೀರೋ ಅದೇ ಜಾಗ. ಹಿಂದಿನಿಂದ ಮುಂದಕ್ಕೆ, ಕೆಳಗಿನಿಂದ ಮೇಲಕ್ಕೆ. ಉಸಿರು ಆರಾಮಾಗಿ ಆಡುತ್ತಿರಬೇಕು. ಪಕ್ಕದಲ್ಲಿ ಕೂತವರಿಗೆ ಗೊತ್ತೇ ಆಗಬಾರದು.

ಐದು ಎಣಿಸುವವರೆಗೆ ಹಿಡಿಯಿರಿ, ಐದು ಎಣಿಸುವವರೆಗೆ ಪೂರ್ತಿ ಬಿಡಿ. ಬಿಡುವುದೂ ಹಿಡಿಯುವಷ್ಟೇ ಮುಖ್ಯ. ಎಂಟು ಸಲ ಮಾಡಿದರೆ ಒಂದು ಸುತ್ತು. ದಿನಕ್ಕೆ ಮೂರು ಸುತ್ತು. ಬರಬರುತ್ತಾ ಹತ್ತು ಎಣಿಸುವವರೆಗೆ ಹೋಗಿ. ಕಡಿಮೆ ಎಂದರೆ ಮೂರು ತಿಂಗಳು ಬೇಕು. ಎರಡು ವಾರ ಮಾಡಿ ಉಪಯೋಗವಿಲ್ಲ ಎಂದು ಬಿಡುವವರೇ ಹೆಚ್ಚು. ಮೂತ್ರ ಮಾಡುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡಬೇಡಿ, ಮೂತ್ರ ಒಳಗೇ ಉಳಿಯುವ ಚಾಳಿ ಬೀಳಬಹುದು.

ಟೀಚರ್‌ಗೆ ಇವತ್ತಿನಿಂದಲೇ ಮಾಡಬಹುದಾದ ಒಂದು ಕೆಲಸ ಇದೆ. ಸೀನು ಬರುವ ಸೂಚನೆ ಸಿಕ್ಕ ತಕ್ಷಣ, ಸೀನುವ ಮೊದಲು ಆ ಜಾಗ ಬಿಗಿಯಿರಿ. ಸೀನಿ ಮುಗಿದ ಮೇಲೆ ಬಿಡಿ. ಕೊಡ ಎತ್ತುವ ಮುನ್ನ, ಮಕ್ಕಳನ್ನು ಕೂಗಿ ಕರೆಯುವ ಮುನ್ನವೂ ಹಾಗೇ.

ಬೀಗದ ಅವಸರಕ್ಕೆ ಬೇರೆ ಪಾಠ. ಅವಸರ ಬಂದಾಗ ಓಡಬೇಡಿ. ಓಡಿದರೆ ಹೊಟ್ಟೆ ಕುಲುಕಿ ಸೋರುತ್ತದೆ. ನಿಂತಲ್ಲೇ ನಿಂತು ಐದಾರು ಸಲ ಚಕಚಕ ಬಿಗಿದು ಬಿಡಿ. ಒಂದು ನಿಮಿಷದಲ್ಲಿ ಅಲೆ ಇಳಿಯುತ್ತದೆ. ಆಮೇಲೆ ನಿಧಾನವಾಗಿ ನಡೆದು ಹೋಗಿ. ಗಂಟೆಗೊಮ್ಮೆ ಹೋಗುವವರು ಅದನ್ನು ಒಂದೂಕಾಲು ಗಂಟೆಗೆ, ಮುಂದಿನ ವಾರ ಒಂದೂವರೆ ಗಂಟೆಗೆ ತಳ್ಳಬೇಕು. ಆರು ವಾರವಾದರೂ ಹಿಡಿಯುತ್ತದೆ. ಮನೆ ಬಿಡುವ ಮೊದಲು ಬರದಿದ್ದರೂ ಒಂದು ಸಲ ಹೋಗಿ ಬರುವ ಅಭ್ಯಾಸ ನಮಗೆಲ್ಲ ಇದೆ. ದಿನಕ್ಕೆ ಹತ್ತು ಸಲ ಹಾಗೆ ಮಾಡಿದರೆ ಮೂತ್ರಕೋಶ ಸ್ವಲ್ಪಕ್ಕೇ ಕೂಗುವುದನ್ನು ಕಲಿಯುತ್ತದೆ.

ಮೂರು ದಿನ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಏನು ಕುಡಿದಿರಿ, ಎಷ್ಟು ಹೊತ್ತಿಗೆ ಹೋದಿರಿ, ಎಷ್ಟು ಮಿಲಿ ಬಂತು, ಯಾವಾಗ ಸೋರಿತು. ಅಳತೆಗೆ ಹಳೆಯ ಪ್ಲಾಸ್ಟಿಕ್ ಮಗ್ ಸಾಕು.

ನಿವೃತ್ತ ಮಿಲ್ ನೌಕರ

ಹೆಂಗಸರ ಮಾತಿನ ನಡುವೆ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನನಗೆ 68. ಹತ್ತಿ ಮಿಲ್ಲಿನಲ್ಲಿ ದುಡಿದವನು. ಯಾವಾಗಲೂ ಮೂತ್ರ ಹನಿ ಹನಿ ಬೀಳುತ್ತಿತ್ತು. ಪ್ರಾಸ್ಟೇಟ್ ಗ್ರಂಥಿಗೆ ಒಳ್ಳೆಯದು ಎಂದು ಸಾ ಪಾಮೆಟೊ ಎಂಬ ಕ್ಯಾಪ್ಸೂಲ್ ಎಂಟು ತಿಂಗಳು ತಿಂದೆ. ಅದನ್ನು ದೊಡ್ಡ ಪರೀಕ್ಷೆಗಳಲ್ಲಿ ಖಾಲಿ ಮಾತ್ರೆಯ ಜೊತೆ ಹೋಲಿಸಿದಾಗ ಹೆಚ್ಚೇನೂ ಕಾಣಲಿಲ್ಲವಂತೆ. ನನಗೆ ಅದನ್ನು ಯಾರೂ ಹೇಳಲಿಲ್ಲ.

ಒಂದು ದಿನ ನೆಗಡಿ ಮಾತ್ರೆ ತಿಂದೆ. ಅದರಿಂದಲೇ ಇರಬೇಕು, ರಾತ್ರಿ ಮೂತ್ರ ಪೂರ್ತಿ ಕಟ್ಟಿತು. ಹೊಟ್ಟೆ ಕಲ್ಲಿನಂತೆ. ಆಸ್ಪತ್ರೆಯಲ್ಲಿ ನಳಿಕೆ ಹಾಕಿದಾಗ ಒಂದು ಲೀಟರಿಗೂ ಹೆಚ್ಚು ಬಂತು. ಅಷ್ಟು ದಿನ ನಾನು ಸೋರುತ್ತದೆ ಅಂದುಕೊಂಡಿದ್ದೆ. ನಿಜದಲ್ಲಿ ಒಳಗೆ ತುಂಬಿ ಹೊರಗೆ ತುಳುಕುತ್ತಿತ್ತು. ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿದಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ. ಗಂಡಸರೇ, ಡಬ್ಬಿ ಕೊಳ್ಳುವ ಮೊದಲು ಅದೊಂದು ಮಾಡಿಸಿ.

ಚಳ್ಳಕೆರೆ ಹುಡುಗಿ

ನಾನು ನಮ್ಮ ಅವ್ವನ ಬಗ್ಗೆ ಕೇಳಬೇಕು. ಅವ್ವನಿಗೆ 58. ನಾಲ್ಕು ಹೆರಿಗೆ, ನಾಲ್ಕೂ ಮನೆಯಲ್ಲೇ. ಬದುಕೆಲ್ಲ ಶೇಂಗಾ ಹೊಲದ ಕೆಲಸ. ಬಗ್ಗಿ ಕೀಳುವುದು, ಹೊರೆ ಹೊರುವುದು. ಹೊಲದಲ್ಲಿ ಮರೆ ಇಲ್ಲ ಎಂದು ಬೆಳಿಗ್ಗೆಯಿಂದ ಸಂಜೆವರೆಗೆ ತಡೆದುಕೊಂಡೇ ಇರುತ್ತಾಳೆ. ನೀರು ಕುಡಿಯುವುದೇ ಇಲ್ಲ. ಈ ಬಿಸಿಲಲ್ಲಿ! ವರ್ಷಕ್ಕೆ ಮೂರು ಸಲ ಉರಿಮೂತ್ರ ಬರುತ್ತದೆ. ಈಗ ಸೋರುತ್ತದೆ. ಕೆಳಗೆ ಏನೋ ಇಳಿದ ಹಾಗಾಗುತ್ತದೆ ಎನ್ನುತ್ತಾಳೆ. ಯಾರಿಗೂ ತೋರಿಸಲು ಒಪ್ಪುತ್ತಿಲ್ಲ. ಸಂತೆಯಲ್ಲಿ ಯಾರೋ ಕೊಟ್ಟ ಬೇರು ಅರೆದು ಕುಡಿಯುತ್ತಿದ್ದಾಳೆ.

ನಿವೃತ್ತ ಸಿಸ್ಟರ್, ನಿಟುವಳ್ಳಿ

ಮಗಳೇ, ಆ ಬೇರು ಇವತ್ತೇ ನಿಲ್ಲಿಸು. ಏನು ಬೇರು ಎಂದು ಯಾರಿಗೂ ಗೊತ್ತಿಲ್ಲ.

ಕೆಳಗೆ ಇಳಿದ ಹಾಗಾಗುವುದು ಗರ್ಭಕೋಶ ಜಾರುವುದಿರಬಹುದು. ಅದನ್ನು ಯಾವ ವಿಟಮಿನ್ನೂ ಮೇಲೆ ಎತ್ತುವುದಿಲ್ಲ. ಒಮ್ಮೆ ನೋಡಿಸಲೇಬೇಕು. ಆಪರೇಷನ್ ಎಂದು ಹೆದರಿ ಬರುತ್ತಿಲ್ಲ ಅಂದುಕೊಳ್ಳುತ್ತೇನೆ. ಎಲ್ಲರಿಗೂ ಆಪರೇಷನ್ ಬೇಕಾಗುವುದಿಲ್ಲ ಎಂದು ಹೇಳು. ಒಳಗೆ ಇಡುವ ಮೆತ್ತನೆಯ ಬಳೆ ಇದೆ, ರಿಂಗ್ ಪೆಸರಿ ಎನ್ನುತ್ತಾರೆ. ಅಳತೆ ನೋಡಿ ಕೂರಿಸುತ್ತಾರೆ. ಅದನ್ನು ಹಾಕಿಕೊಂಡು ವರ್ಷಗಟ್ಟಲೆ ಆರಾಮಾಗಿರುವವರನ್ನು ನಾನು ನೋಡಿದ್ದೇನೆ.

ನೀರು ಬಿಡಬಾರದು. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಸೋಂಕೂ ಬರುತ್ತದೆ. ಹೊಲದಲ್ಲಿ ಬೆವರು ಹರಿಸುವವಳಿಗೆ ದಿನಕ್ಕೆ ಎರಡು ಲೀಟರಿಗೂ ಹೆಚ್ಚು ಬೇಕು. ನಾಲ್ಕು ಹೆಂಗಸರು ಸೇರಿ ಹೊಲದ ಮೂಲೆಯಲ್ಲಿ ಒಂದು ಹಳೆಯ ಸೀರೆ ಕಟ್ಟಿ ಮರೆ ಮಾಡಿಕೊಳ್ಳಲಿ. ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ನೀನೇ ಜೊತೆಗೆ ಕರೆದುಕೊಂಡು ಹೋಗು. ಹೆಂಗಸರ ವೈದ್ಯರೇ ಇರುವ ದಿನ ಕೇಳಿಕೊಂಡು ಹೋಗು. ಇದ್ದಕ್ಕಿದ್ದಂತೆ ಕಾಲಲ್ಲಿ ಶಕ್ತಿ ಹೋದರೆ, ತೊಡೆ ಸಂದು ಮರಗಟ್ಟಿದರೆ, ಮೂತ್ರದಲ್ಲಿ ರಕ್ತ ಕಂಡರೆ ಒಂದು ದಿನವೂ ಕಾಯಬೇಡಿ.

ಫಿಸಿಯೋ, ಹದಡಿ ರಸ್ತೆ

ಇನ್ನೊಂದು ಮರೆತಿದ್ದೆ. ತೂಕ. 2009ರಲ್ಲಿ ಅಮೆರಿಕದಲ್ಲಿ 338 ದಪ್ಪ ಹೆಂಗಸರ ಮೇಲೆ ಅಧ್ಯಯನ ಮಾಡಿದರು. ಆರು ತಿಂಗಳಲ್ಲಿ ಸುಮಾರು ಎಂಟು ಕಿಲೋ ಇಳಿಸಿದ ಗುಂಪಿನಲ್ಲಿ ವಾರಕ್ಕೆ ಸೋರುವ ಸಲಗಳು ನೂರಕ್ಕೆ 47ರಷ್ಟು ಇಳಿದವು. ಬರೀ ತಿಳಿವಳಿಕೆ ಕೊಟ್ಟ ಗುಂಪಿನಲ್ಲಿ 28. ತೂಕ ಹೆಚ್ಚಿರುವವರಿಗೆ ಇದು ದೊಡ್ಡ ಮಾತು. ಮಲಬದ್ಧತೆಯೂ ಹಾಗೇ, ತಿಣುಕಿದಷ್ಟೂ ಆ ಸ್ನಾಯು ಸಡಿಲ. ಜೋಳದ ರೊಟ್ಟಿ, ನವಣೆ, ಸೊಪ್ಪಿನ ಪಲ್ಯ ನಮ್ಮಲ್ಲಿ ಏನು ಕಡಿಮೆ! ಮಂಡಕ್ಕಿ ಮೆಣಸಿನಕಾಯಿ ಮಾತ್ರ ಕೆಲವರಿಗೆ ಅವಸರ ಕೆರಳಿಸುತ್ತದೆ. ಎರಡು ವಾರ ಬಿಟ್ಟು ನೋಡಿ. ವ್ಯತ್ಯಾಸ ಇಲ್ಲದಿದ್ದರೆ ಧಾರಾಳವಾಗಿ ತಿನ್ನಿ.

ವಿದ್ಯಾನಗರದ ಟೀಚರ್ (12 ದಿನಗಳ ನಂತರ)

ನೋಟ್‌ಬುಕ್ ಬರೆದೆ. ದಿನಕ್ಕೆ 12 ಸಲ ಹೋಗುತ್ತಿದ್ದೇನೆ, ಒಂದೊಂದು ಸಲ 100 ಮಿಲಿಯೂ ಬರುವುದಿಲ್ಲ. ಶಾಲೆಯಲ್ಲಿ ಮಾತ್ರ ಬೆಳಿಗ್ಗೆಯಿಂದ ಮೂರೂವರೆವರೆಗೆ ಒಂದೂ ಸಲ ಇಲ್ಲ. ಅಲ್ಲಿನ ಟಾಯ್ಲೆಟ್‌ಗೆ ಚಿಲಕ ಇಲ್ಲ. ಇದನ್ನು ಬರೆದು ನೋಡುವವರೆಗೆ ನನಗೇ ಹೊಳೆದಿರಲಿಲ್ಲ. ಹೆಡ್ ಮೇಡಂಗೆ ಹೇಳಿದೆ. ಅವರು ಏನೂ ಕೇಳಲಿಲ್ಲ, ಮಾರನೇ ದಿನವೇ ಬಡಗಿ ಬಂದ.

ವೈದ್ಯರು ಬಿ.ಪಿ. ಮಾತ್ರೆ ಬದಲಿಸಿದರು. ಕೆಮ್ಮು ಹೋಗಲು ಕೆಲವು ವಾರ ಬೇಕು ಎಂದಿದ್ದಾರೆ. ಹೆಂಗಸರ ವೈದ್ಯೆ ಪರೀಕ್ಷೆ ಮಾಡಿ, ಮುಟ್ಟು ನಿಂತ ಮೇಲೆ ಒಳಗೆ ಒಣಗಿದೆ ಎಂದು ಈಸ್ಟ್ರೋಜನ್ ಎಂಬ ಹಾರ್ಮೋನಿನ ಕ್ರೀಮ್ ಬರೆದುಕೊಟ್ಟರು. ಸೋಂಕು ಇಲ್ಲ. ಅವಸರಕ್ಕೆ ಮಾತ್ರೆಗಳಿವೆ, ಮೊದಲು ವ್ಯಾಯಾಮ ಮಾಡಿ ನೋಡೋಣ ಎಂದರು. ಯಜಮಾನರಿಗೆ ಎಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಇಷ್ಟು ದಿನ ಒಬ್ಬಳೇ ಯಾಕೆ ಇಟ್ಟುಕೊಂಡೆ ಎಂದರು.

ವಿದ್ಯಾನಗರದ ಟೀಚರ್ (ಮೂರು ತಿಂಗಳು ಕಳೆದ ಮೇಲೆ)

ಎಲ್ಲರಿಗೂ ಸುದ್ದಿ ಹೇಳಲು ಬಂದೆ. ಕೆಮ್ಮು ಪೂರ್ತಿ ನಿಂತಿದೆ. ಚಹಾ ಐದರಿಂದ ಎರಡಕ್ಕೆ ಇಳಿದಿದೆ. ವ್ಯಾಯಾಮ ದಿನಾ ಮೂರು ಸುತ್ತು. ಮಕ್ಕಳು ಕಾಪಿ ಬರೆಯುವಾಗ ನಾನು ಕುರ್ಚಿಯಲ್ಲಿ ಕೂತು ಮಾಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ. ವಾರಕ್ಕೆ ಹತ್ತು ಹನ್ನೆರಡು ಸಲ ಸೋರುತ್ತಿದ್ದದ್ದು ಈಗ ಎರಡು ಮೂರು ಸಲ. ಪೂರ್ತಿ ಹೋಗಿಲ್ಲ. ನೆಗಡಿಯಾದರೆ ಇನ್ನೂ ಹೆದರಿಕೆಯೇ. ಕುಂಬಳದ ಬೀಜ ತಿನ್ನುತ್ತಿದ್ದೇನೆ, ರುಚಿಗೆ. ಡಬ್ಬಿ ಮತ್ತೆ ತರಿಸಲಿಲ್ಲ.

ಹೋದ ಭಾನುವಾರ ದುರ್ಗಕ್ಕೆ ಹೋಗಿದ್ದೆ. ನೀರು ಕುಡಿದೇ ಬಸ್ ಹತ್ತಿದೆ. ಭರಮಸಾಗರದ ಹತ್ತಿರ ಅವಸರ ಬಂತು. ಕೂತಲ್ಲೇ ಐದಾರು ಸಲ ಬಿಗಿದೆ. ಇಳಿಯಿತು. ದುರ್ಗದ ಬಸ್ ಸ್ಟ್ಯಾಂಡ್‌ವರೆಗೂ ಒಣಗಿದ ಸೀರೆಯಲ್ಲೇ ಹೋದೆ. ತಂಗಿಗೆ ಅವತ್ತಿನ ನಿಜ ಹೇಳಿದೆ. ಅವಳು ಅತ್ತಳು. ಆಮೇಲೆ ಅಕ್ಕಾ ನನಗೂ ಇದೆ ಎಂದಳು.

ಚಳ್ಳಕೆರೆ ಹುಡುಗಿ

ಟೀಚರ್, ಅವ್ವನಿಗೆ ನಿಮ್ಮ ಬಸ್ಸಿನ ಕಥೆ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡಳು. ಬುಧವಾರ ದುರ್ಗದ ಆಸ್ಪತ್ರೆಗೆ ಬರುತ್ತೇನೆ ಎಂದಿದ್ದಾಳೆ. ಸಿಸ್ಟರ್, ಅಲ್ಲಿ ಪರೀಕ್ಷೆ ಮಾಡುವಾಗ ನಾನು ಅವಳ ಪಕ್ಕದಲ್ಲಿ ನಿಲ್ಲಬಹುದಾ? ಅದೊಂದೇ ಕೇಳುತ್ತಿದ್ದಾಳೆ.

ನಿವೃತ್ತ ಸಿಸ್ಟರ್, ನಿಟುವಳ್ಳಿ

ನಿಲ್ಲಬಹುದು ಮಗಳೇ. ನನ್ನ ಮಗಳು ಜೊತೆಗಿರಬೇಕು ಎಂದು ಅವಳೇ ಮೊದಲು ಹೇಳಲಿ, ಇರಲು ಬಿಡುತ್ತಾರೆ. ಸಂತೆಯ ಬೇರು ಉಳಿದಿದ್ದರೆ ಅದನ್ನೂ ಒಂದು ಕಾಗದದಲ್ಲಿ ಕಟ್ಟಿಕೊಂಡು ಹೋಗಿ, ವೈದ್ಯರು ನೋಡಲಿ.